ಟಿಬಿಲಿಸಿಯ ಪಾನಗೋಷ್ಠಿ

ಪಾನಗೋಷ್ಠಿಯೆಂಬ ಶಬ್ದವನ್ನು ಈ ಲೇಖನದ ಶಿರೋನಾಮದಲ್ಲಿ ಕಂಡು, ನನ್ನನ್ನು ಬಲ್ಲ ವಾಚಕರು ಹುಬ್ಬು ಗಂಟಿಕ್ಕಿದರೆ ಆಶ್ಚರ್ಯವಿಲ್ಲ. ಗೋಕರ್ಣದಲ್ಲಿ ಸಂಸ್ಕೃತ ಓದಿ, ಮೂವತ್ತುನಾಲ್ಕು ವರ್ಷ ಶಾಲೆಯ ಮಕ್ಕಳಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿ, ಕಾಫಿಯನ್ನು ಬಿಟ್ಟರೆ ಬೇರೆ ಯಾವ ಚಟವನ್ನೂ ಅರಿಯದ ನಾನು, ಅರುವತ್ತಾರನೆಯ ವಯಸ್ಸಿನಲ್ಲಿ, ಅದೂ ಪಿತೃಪಕ್ಷದಲ್ಲಿ, ಪರದೇಶದ ಒಂದು ಅಂಗಳದಲ್ಲಿ ನಡುರಾತ್ರಿ ಕಳೆಯುವವರೆಗೆ ಕುಡಿಯುವವರ ಸಂಗಡ ಕುಳಿತಿದ್ದೆನು. ಕುಳಿತುದಕ್ಕಾಗಿ ನಾನು ನಾಚುವುದಿಲ್ಲ. ನಾಚಬೇಕಾದ ಸಂಗತಿ ಬೇರೆ ಇದೆ. ಅದನ್ನು ಹೇಳುವುದಕ್ಕಾಗಿಯೇ ಇಷ್ಟನ್ನು ಬರೆಯುತ್ತಿದ್ದೇನೆ.

ಮದ್ಯದ ಪರಿಚಯವು ನನಗೆ ಆದುದು ವ್ಯಾಕರಣದ ಮೂಲಕ. ಕಾಪಿಶೀ ಎಂಬ ಪಟ್ಟಣದ ಹೆಸರಿನಿಂದ ಕಾಪಿಶಾಯನವೆಂಬ ರೂಪವು ಹುಟ್ಟುವುದಕ್ಕೆ ಪಾಣಿನಿಯು ಒಂದು ಸೂತ್ರವನ್ನೇ ಮೀಸಲಾಗಿಟ್ಟಿದ್ದಾನೆ. ಕೌಟಿಲ್ಯನು ಸುರಾಧ್ಯಕ್ಷನ ಪ್ರಕರಣದಲ್ಲಿ ದ್ರಾಕ್ಷಾರಸದ ಮದ್ಯಕ್ಕೆ ಅದೇ ಹೆಸರನ್ನು ಹೇಳುತ್ತಾನೆ. ಆ ಪ್ರಯೋಗವನ್ನು ತಪ್ಪಿಲ್ಲದೆ ಸಾಧಿಸಿ ನಾನು ಗುರುಗಳಿಂದ ಮೆಚ್ಚುಗೆಯನ್ನು ಪಡೆದಿದ್ದೆನು. ಶಬ್ದವು ಕೈವಶವಾಯಿತು, ಅರ್ಥವನ್ನು ಕಂಡವನಲ್ಲ.

ನನ್ನ ತಮ್ಮನ ಮಗಳು ಜಾರ್ಜಿಯಾ ದೇಶದ ರಾಜಧಾನಿಯಾದ ಟಿಬಿಲಿಸಿಯಲ್ಲಿ ವೈದ್ಯವಿದ್ಯೆಯನ್ನು ಓದುತ್ತಿದ್ದಾಳೆ. ನಮ್ಮ ದೇಶದ ಸಾವಿರಾರು ಮಕ್ಕಳು ಈಗ ಇದೇ ವಿದ್ಯೆಗಾಗಿ ಅಲ್ಲಿಗೆ ಹೋಗುತ್ತಾರೆ. ಕಪ್ಪು ಸಮುದ್ರಕ್ಕೂ ಕಾಕಸಸ್ ಪರ್ವತಗಳಿಗೂ ಒತ್ತಿಕೊಂಡಿರುವ ಆ ಪುಟ್ಟ ದೇಶವನ್ನು ಅಲ್ಲಿಯವರು ತಮ್ಮ ಮಾತಿನಲ್ಲಿ ಸಾಕಾರ್ತ್ವೆಲೋ ಎನ್ನುವರು. "ದೊಡ್ಡಪ್ಪ, ನನ್ನ ಓದು ಮುಗಿಯುವುದರೊಳಗೆ ನೀವು ಒಮ್ಮೆ ಬರಬೇಕು" ಎಂದು ಅವಳು ಪ್ರತಿ ವರ್ಷವೂ ಹೇಳುತ್ತಿದ್ದಳು. ಕೊನೆಗೆ 2024ನೆಯ ಇಸವಿಯ ಸೆಪ್ಟೆಂಬರಿನಲ್ಲಿ ಹೊರಟೆನು. ಟಿಕೇಟು ತೆಗೆಸಿದ ಬಳಿಕ ಪಂಚಾಂಗವನ್ನು ಬಿಚ್ಚಿ ನೋಡಿದರೆ, ಪಿತೃಪಕ್ಷವು ಪ್ರವಾಸದ ನಡುವೆಯೇ ಬಂದಿತ್ತು. ಸೂರ್ಯನು ವೃಶ್ಚಿಕರಾಶಿಯನ್ನು ಹೊಗುವುದರೊಳಗೆ ಮಹಾಲಯವನ್ನು ಮಾಡಬಹುದೆಂದು ಶಾಸ್ತ್ರವು ಅನುಕೂಲವನ್ನು ಕೊಟ್ಟಿದೆ. ಪುರೋಹಿತರೂ ಹಾಗೆಯೇ ಸಮಾಧಾನ ಹೇಳಿದರು. ಆದರೂ ಹಿರಿಯರನ್ನು ಬಾಗಿಲಲ್ಲಿ ನಿಲ್ಲಿಸಿ ಹೊರಟಂತೆ ಮನಸ್ಸಿನಲ್ಲಿ ಒಂದು ಅಳುಕು ಉಳಿದೇ ಇತ್ತು.

ಟಿಬಿಲಿಸಿಯು ಮ್ತ್ಕ್ವರಿ ಎಂಬ ನದಿಯ ಎರಡು ದಡಗಳಲ್ಲಿ, ಗುಡ್ಡಗಳ ನಡುವೆ ಬೆಳೆದ ಊರು. ತ್ಬಿಲಿ ಎಂದರೆ ಅವರ ಮಾತಿನಲ್ಲಿ ಬೆಚ್ಚಗಿರುವುದು. ಗಂಧಕದ ಬಿಸಿನೀರಿನ ಬುಗ್ಗೆಗಳಿಂದ ಊರಿಗೆ ಆ ಹೆಸರು ಬಂದಿದೆ. ಹಳೆಯ ಕೋಟೆಯ ಗುಡ್ಡದ ಮೇಲೆ ನಾಡತಾಯಿಯ ಒಂದು ದೊಡ್ಡ ವಿಗ್ರಹವಿದೆ. 1958ರಲ್ಲಿ ಸ್ಥಾಪಿತವಾದ ಆ ವಿಗ್ರಹದ ಎತ್ತರ ಸುಮಾರು 20 ಮೀಟರು. ತಾಯಿಯ ಬಲಗೈಯಲ್ಲಿ ಕತ್ತಿ, ಎಡಗೈಯಲ್ಲಿ ದ್ರಾಕ್ಷಾಮದ್ಯದ ಬಟ್ಟಲು. ಶತ್ರುವಾಗಿ ಬಂದವನಿಗೆ ಮೊದಲನೆಯದು, ಮಿತ್ರನಾಗಿ ಬಂದವನಿಗೆ ಎರಡನೆಯದು. ನಮ್ಮ ದೇವತೆಗಳ ಕೈಗಳಲ್ಲಿ ಇರುವ ಆಯುಧ, ವರದಮುದ್ರೆಗಳನ್ನು ನೆನೆದು, ನನಗೆ ಅದು ಅಪರಿಚಿತವೆನಿಸಲಿಲ್ಲ. ಬಟ್ಟಲನ್ನು ಕುರಿತು ಮಾತ್ರ, ಇದನ್ನು ದೂರದಿಂದ ನೋಡುವುದೇ ಲೇಸು ಎಂದುಕೊಂಡೆನು.

ಹುಡುಗಿಯು ಬಾಡಿಗೆಗಿದ್ದುದು ಹಳೆಯ ಪೇಟೆಯ ಒಂದು ಮನೆಯ ಮೇಲಂತಸ್ತಿನಲ್ಲಿ. ನಡುವೆ ಅಂಗಳ, ಸುತ್ತಲೂ ಮರದ ಕೈಪಿಡಿಯ ಜಗುಲಿಗಳು, ಅಂಗಳದ ಮೇಲೆ ಚಪ್ಪರಕ್ಕೆ ಹಬ್ಬಿಸಿದ ದ್ರಾಕ್ಷಿಬಳ್ಳಿ. ಏಳೆಂಟು ಸಂಸಾರಗಳು ಒಂದೇ ಅಂಗಳವನ್ನು ಬಳಸುತ್ತವೆ. ನಾನು ಹೋಗಿ ಐದನೆಯ ದಿನ, ಮನೆಯೊಡೆಯನು ಪೂರ್ವದ ಕಾಖೇತಿ ಪ್ರಾಂತದಲ್ಲಿರುವ ತನ್ನ ತೋಟದ ದ್ರಾಕ್ಷಿಯ ಕೊಯ್ಲನ್ನು ಮುಗಿಸಿಕೊಂಡು ಬಂದನು. ಆ ರಾತ್ರಿ ಅಂಗಳದಲ್ಲಿ ಊಟ, ನಾನು ಬಾರದಿದ್ದರೆ ಊಟವೇ ಇಲ್ಲವೆಂದು ಹೇಳಿ ಕಳುಹಿದನು. ನಾನು ಮಾಂಸವನ್ನು ತಿನ್ನೆನು, ಮದ್ಯವನ್ನು ಮುಟ್ಟೆನು ಎಂದು ಹುಡುಗಿಯ ಮೂಲಕ ಮೊದಲೇ ತಿಳಿಸಿದೆನು. ಅದರಿಂದ ಅವರಿಗೆ ಯಾವ ಬೇಸರವೂ ಆಗಲಿಲ್ಲ. ಮನೆಯೊಡೆಯನ ಮುದಿ ತಾಯಿಯು ನನಗಾಗಿ ಮಣ್ಣಿನ ಗಡಿಗೆಯಲ್ಲಿ ಬೇಯಿಸಿದ ಲೋಬಿಯೋ ಎಂಬ ಕಾಳಿನ ಪದಾರ್ಥವನ್ನೂ, ಅಕ್ರೋಟನ್ನು ಅರೆದು ತುಂಬಿದ ಬದನೆಕಾಯಿಯನ್ನೂ, ದ್ರಾಕ್ಷಾರಸಕ್ಕೆ ಹಿಟ್ಟು ಕೂಡಿಸಿ ಕಾಸಿದ ಸಿಹಿಯನ್ನೂ ಸಿದ್ಧಪಡಿಸಿದಳು. ಈ ಕೊನೆಯದು ನಮ್ಮ ಕಬ್ಬಿನಹಾಲಿನ ಮಣ್ಣಿಯ ತಂಗಿಯೆಂದೇ ಹೇಳಬೇಕು. ಅವರು ರೊಟ್ಟಿಗೆ ಪುರಿ ಎನ್ನುವರು. ಒಲೆಯ ಒಳಗೋಡೆಗೆ ಬಡಿದು ಸುಡುವ ಉದ್ದನೆಯ ರೊಟ್ಟಿ ಅದು. ಬೆಳ್ಳುಳ್ಳಿಯ ವಿಷಯದಲ್ಲಿ ನಾನು ಹೆಚ್ಚು ವಿಚಾರಣೆಯನ್ನು ಮಾಡಲಿಲ್ಲ.

ಅಲ್ಲಿಯ ದ್ರಾಕ್ಷಾಮದ್ಯದ ರೀತಿಯು ಪ್ರಾಚೀನವಾದುದು. ಕ್ವೆವ್ರಿ ಎಂಬ ಮೊಟ್ಟೆಯಾಕಾರದ ದೊಡ್ಡ ಮಣ್ಣಿನ ಹರವಿಯನ್ನು ಕತ್ತಿನವರೆಗೆ ನೆಲದಲ್ಲಿ ಹೂಳಿ, ಒಳಗೆ ಜೇನುಮೇಣವನ್ನು ಸವರಿ, ಹಿಂಡಿದ ರಸವನ್ನು ಸಿಪ್ಪೆ, ಬೀಜ, ತೊಟ್ಟುಗಳ ಸಮೇತ ಸುರಿದು ಮುಚ್ಚುವರು. ಐದಾರು ತಿಂಗಳು ಅದು ಭೂಮಿಯ ತಂಪಿನಲ್ಲಿ ಮಾಗುವುದು. 2013ರಲ್ಲಿ ಯುನೆಸ್ಕೋ ಸಂಸ್ಥೆಯು ಈ ವಿಧಾನವನ್ನು ಮನುಕುಲದ ಪರಂಪರೆಗಳ ಪಟ್ಟಿಯಲ್ಲಿ ಸೇರಿಸಿತು. ಆ ದೇಶದ ದಕ್ಷಿಣದ ಹಳೆಯ ದಿಬ್ಬಗಳಲ್ಲಿ ಸಿಕ್ಕಿದ ಮಡಕೆಯ ಚೂರುಗಳಿಗೆ ಅಂಟಿದ್ದ ದ್ರಾಕ್ಷಾಮದ್ಯದ ಶೇಷವು ಸುಮಾರು 8000 ವರ್ಷ ಹಿಂದಿನದೆಂದು 2017ರಲ್ಲಿ ಪಂಡಿತರು ಪ್ರಕಟಿಸಿದರು.

ರಾತ್ರಿ ಒಂಬತ್ತು ಗಂಟೆಗೆ ಬಳ್ಳಿಯ ಚಪ್ಪರದ ಕೆಳಗೆ ಹನ್ನೆರಡು ಮಂದಿ ಕುಳಿತೆವು. ಮೇಜಿನ ಹಾಸಿಗೆ ಸುಪ್ರಾ ಎಂದು ಹೆಸರು. ಅದರ ಮೇಲೆ ನಡೆಯುವ ಗೋಷ್ಠಿಗೂ ಅದೇ ಹೆಸರು. ಅದಕ್ಕೆ ಒಬ್ಬ ಅಧ್ಯಕ್ಷನಿರುವನು, ಅವನು ತಮದಾ. ಅಂದಿನ ತಮದಾ ಎದುರು ಮನೆಯ ಭೂಗೋಲದ ಮೇಷ್ಟರು, ನನ್ನಂತೆಯೇ ನಿವೃತ್ತರಾದವರು, ಬಿಳಿಯ ಮೀಸೆಯವರು. ಅವರು ಎದ್ದು ಒಂದು ವಿಷಯವನ್ನು ಎತ್ತಿಕೊಂಡು ಮಾತನಾಡುವವರೆಗೆ ಯಾರೂ ಬಟ್ಟಲನ್ನು ತುಟಿಗೆ ತಾಗಿಸಕೂಡದು. ಮಾತು ಮುಗಿದ ಬಳಿಕ ಎಲ್ಲರೂ "ಗಾಉಮಾರ್ಜೋಸ್" ಎಂದು ಕೂಗಿ ಕುಡಿಯುವರು. ಜಯವಾಗಲಿ ಎಂದು ಅದರ ತಾತ್ಪರ್ಯ. ಬೀದಿಯಲ್ಲಿ ಎದುರಾದಾಗ ಹೇಳುವ ನಮಸ್ಕಾರವೂ ಜಯಶಬ್ದದಿಂದಲೇ ಆದುದು. ಮೊದಲು ಶಾಂತಿಗಾಗಿ, ಬಳಿಕ ನಾಡಿಗಾಗಿ, ಅನಂತರ ತಂದೆತಾಯಿಗಳಿಗಾಗಿ, ಹೀಗೆ ಮಾತು ಒಂದೊಂದಾಗಿ ಏರುತ್ತ ಹೋಯಿತು. ಒಬ್ಬ ತರುಣನು ಅವಸರಪಟ್ಟು ಬಟ್ಟಲೆತ್ತಿದಾಗ ಮೇಷ್ಟರು ಹುಬ್ಬು ಕೊಂಕಿಸಿದರು. ಅವನು ಪಾಠ ಒಪ್ಪಿಸದ ಹುಡುಗನಂತೆ ಕೆಳಗಿಟ್ಟನು. ಕುಡಿದು ತೂರಾಡುವುದು ಅಲ್ಲಿ ದೊಡ್ಡ ಅವಮಾನ. ತಮದಾ ಎಲ್ಲರಿಗಿಂತ ಹೆಚ್ಚು ಮಾತನಾಡಿ, ಎಲ್ಲರಂತೆ ಕುಡಿದು, ಕೊನೆಯವರೆಗೆ ಸ್ಥಿಮಿತದಲ್ಲಿರಬೇಕು.

ಇದನ್ನು ನೋಡುತ್ತಿದ್ದಂತೆ ನನಗೆ ನಮ್ಮ ಕಡೆಯ ತಾಳಮದ್ದಲೆಯ ನೆನಪಾಯಿತು. ವೇಷವಿಲ್ಲ, ಕುಣಿತವಿಲ್ಲ, ಮಳೆಗಾಲದ ರಾತ್ರಿ ಒಂದು ಮನೆಯ ಜಗುಲಿಯಲ್ಲಿ ಭಾಗವತನು ಪದ ಹೇಳುವನು, ಅರ್ಥಧಾರಿಗಳು ಕುಳಿತಲ್ಲಿಯೇ ಆ ಪದದ ಅರ್ಥವನ್ನು ಮಾತಿನಲ್ಲಿ ಬೆಳೆಸುವರು. ಮಾತಿನ ಮೇಲೆ ಮಾತು ಹತ್ತಿ ಬೆಳಗಾಗುವುದು. ಇಲ್ಲಿಯೂ ನಡೆದುದು ಅದೇ. ಪದಕ್ಕೆ ಬದಲಾಗಿ ಬಟ್ಟಲು. ಈ ಹೋಲಿಕೆಯು ನನಗೆ ಸಂತೋಷವನ್ನು ಕೊಡಬೇಕಾಗಿತ್ತು. ಕೊಡಲಿಲ್ಲ. ಏಕೆಂಬುದನ್ನು ಮುಂದೆ ಹೇಳುವೆನು.

ನನ್ನ ಬಟ್ಟಲಿಗೆ ಮುದುಕಿಯು ತೋಟದಿಂದ ತಂದ ದ್ರಾಕ್ಷಾರಸವನ್ನು ಹೂಜಿಯಿಂದ ತಾನೇ ಬಗ್ಗಿಸುತ್ತಿದ್ದಳು. ಮೇಷ್ಟರ ಮಾತನ್ನು ಮನೆಯೊಡೆಯನ ಮಗಳು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಅತಿಥಿಯ ಸರದಿ ಬಂದಾಗ ಅವರು ನನ್ನನ್ನು ತಾರಿಯೇಲನ ದೇಶದವನೆಂದು ಸಂಬೋಧಿಸಿದರು. ಸುಮಾರು 800 ವರ್ಷಗಳ ಹಿಂದೆ ತಮಾರ್ ರಾಣಿಯ ಕಾಲದಲ್ಲಿದ್ದ ಶೋತಾ ರುಸ್ತವೇಲಿ ಅವರ ಮಹಾಕವಿ. ಅವನ ಕಾವ್ಯದಲ್ಲಿ ಹುಲಿಯ ಚರ್ಮವನ್ನು ಹೊದ್ದ ವೀರನು ಭಾರತದ ರಾಜಕುಮಾರನಂತೆ! ಬಳಿಕ ನನ್ನ ಊರು ಯಾವುದೆಂದು ಕೇಳಿದರು. ಗೋವೆಯ ದಕ್ಷಿಣಕ್ಕೆ, ಕುಮಟೆಯ ಹತ್ತಿರ, ಎಂದೆನು. ಗೋವೆಯೆಂಬ ಹೆಸರನ್ನು ಕೇಳಿದೊಡನೆ ಮೇಜಿನ ಸುತ್ತಲೂ ಎಲ್ಲರೂ ಎದ್ದು ನಿಂತರು.

ಕಾರಣವು ಹೀಗಿದೆ. ಕಾಖೇತಿಯ ಕೇತೆವಾನ್ ರಾಣಿಯನ್ನು 1624ರಲ್ಲಿ ಪಾರಸೀಕ ದೇಶದ ಷಾ ಅಬ್ಬಾಸನು, ಸ್ವಧರ್ಮವನ್ನು ಬಿಡಲೊಲ್ಲಳೆಂದು, ಶಿರಾಜ ನಗರದಲ್ಲಿ ಚಿತ್ರಹಿಂಸೆಯಿಂದ ಕೊಲ್ಲಿಸಿದನು. ಅಲ್ಲಿದ್ದ ಆಗಸ್ಟೀನ್ ಪಂಥದ ಪಾದ್ರಿಗಳು ಆಕೆಯ ಅಸ್ಥಿಗಳಲ್ಲಿ ಕೆಲವನ್ನು ಗೋವೆಗೆ ತಂದು ತಮ್ಮ ಮಠದಲ್ಲಿ ಇಟ್ಟರು. ಮಠವು ಬಿದ್ದಿತು, ಜಾಗವು ಮರೆತುಹೋಯಿತು. ಆದರೆ ರಾಣಿಯ ಜನರು ಮರೆಯಲಿಲ್ಲ. ನಮ್ಮ ಪುರಾತತ್ತ್ವ ಇಲಾಖೆಯವರ ಸಂಗಡ ಸೇರಿ ಹುಡುಕಿಸಿದರು. ಸಿಕ್ಕಿದ ಎಲುಬನ್ನು ಹೈದರಾಬಾದಿನ ವಿಜ್ಞಾನಿಗಳು ಪರೀಕ್ಷಿಸಿ ಆಕೆಯದಾಗಿರಬಹುದೆಂದು ಹೇಳಿದರು. 2021ರ ಜುಲೈ ತಿಂಗಳಲ್ಲಿ ನಮ್ಮ ಸರಕಾರವು ಆ ಅವಶೇಷವನ್ನು ಅವರ ದೇಶಕ್ಕೆ ಒಪ್ಪಿಸಿತು. ಹಳೆಯ ಗೋವೆಯ ಆ ಮುರಿದ ಗೋಪುರದ ಬುಡದಲ್ಲಿ ನಾನು ಎಷ್ಟೋ ಸಲ ಶಾಲೆಯ ಮಕ್ಕಳನ್ನು ಸಾಲಾಗಿ ಕುಳ್ಳಿರಿಸಿ ಅವಲಕ್ಕಿ ತಿನ್ನಿಸಿದ್ದೇನೆ. ನಮ್ಮ ಕಾಲಡಿಯಲ್ಲಿ ಯಾರಿದ್ದರೆಂದು ನನಗೆ ತಿಳಿದಿರಲಿಲ್ಲ. "ನಮ್ಮ ರಾಣಿಗೆ ನಾಲ್ಕು ನೂರು ವರ್ಷ ಮನೆ ಕೊಟ್ಟವರು ನಿಮ್ಮ ಕಡೆಯವರು" ಎಂದು ಮೇಷ್ಟರು ಕೊಂಬಿನ ಪಾತ್ರೆಯನ್ನು ಎತ್ತಿ ಒಂದೇ ಉಸಿರಿಗೆ ಬರಿದು ಮಾಡಿದರು. ಕೊಂಬನ್ನು ಬರಿದಾಗುವವರೆಗೆ ಕೆಳಗಿಡುವಂತಿಲ್ಲವಷ್ಟೆ.

ಹನ್ನೆರಡು ಗಂಟೆ ಹೊಡೆದು ಬಹಳ ಹೊತ್ತಾಗಿತ್ತು. ಮೇಷ್ಟರು ದನಿಯನ್ನು ತಗ್ಗಿಸಿ ಮತ್ತೆ ಎದ್ದರು. ಈಗ ಶೆಸಾಂದೋಬರಿ ಎಂದರು. ಮೃತರಿಗಾಗಿ ಎತ್ತುವ ಬಟ್ಟಲು ಅದು. ಆ ಶಬ್ದದ ಮೂಲದಲ್ಲಿ ಕ್ಷಮೆಯೆಂಬ ಅರ್ಥವಿದೆ. ಸತ್ತವರನ್ನು ದೇವರು ಕ್ಷಮಿಸಲಿ ಎಂದು ಹೇಳಿ, ಬಟ್ಟಲಿನಿಂದ ಒಂದೆರಡು ಹನಿಗಳನ್ನು ರೊಟ್ಟಿಯ ತುಂಡಿನ ಮೇಲೆ ಬಿಟ್ಟು, ಬಳಿಕ ಕುಡಿಯುವರು. ಒಬ್ಬೊಬ್ಬರೂ ತಮ್ಮವರ ಹೆಸರನ್ನು ಹೇಳಿ, ಅವರ ಒಂದು ಗುಣವನ್ನೋ ಒಂದು ಪ್ರಸಂಗವನ್ನೋ ಹೇಳಿದರು. ಮನೆಯೊಡೆಯನು ತನ್ನ ಅಣ್ಣನನ್ನು ನೆನೆದು ನಕ್ಕನು, ಅತ್ತನು. ಕೊನೆಗೆ ಮೇಷ್ಟರು ನನ್ನ ಕಡೆಗೆ ತಿರುಗಿ "ಅಲವೆರ್ದಿ" ಎಂದರು. ಮಾತನ್ನು ನಿಮಗೆ ಒಪ್ಪಿಸಿದ್ದೇನೆ, ಮುಂದುವರಿಸಿರಿ ಎಂದು ಅದರ ಭಾವ. ನಿರಾಕರಿಸುವಂತಿಲ್ಲ.

ನಾನು ಎದ್ದು ತಂದೆಯ ಹೆಸರನ್ನು ಹೇಳಿದೆನು. ತಾಯಿಯ ಹೆಸರನ್ನು ಹೇಳಿದೆನು. ಆ ಬಳಿಕ ಬಾಯಿಗೆ ಬಂದುದು ತಮ್ಮನ ಹೆಸರು. ಅವನ ಮಗಳು ನನ್ನ ಪಕ್ಕದಲ್ಲಿಯೇ ಕುಳಿತಿದ್ದಳು.

ತಮ್ಮನು ನನಗಿಂತ ಎಂಟು ವರ್ಷ ಕಿರಿಯನು. ಅಡಿಕೆಯ ತೋಟವನ್ನು ನೋಡಿಕೊಂಡು ಮನೆಯಲ್ಲಿದ್ದನು. ತಾಳಮದ್ದಲೆಯಲ್ಲಿ ಅವನ ಅರ್ಥವಿದೆಯೆಂದರೆ ಹೊಳೆಯಾಚೆಯಿಂದ ಜನರು ದೋಣಿ ಮಾಡಿಕೊಂಡು ಬರುತ್ತಿದ್ದರು. ಎಂದು ಕುಡಿಯತೊಡಗಿದನೋ ನನಗೆ ತಿಳಿಯದು. ಬಿಡಿಸಲು ಬೈದೆನು, ಆಣೆಯಿಡಿಸಿದೆನು. 2003ರಲ್ಲಿ ತಂದೆಯ ಶ್ರಾದ್ಧದ ದಿನ, ಬ್ರಾಹ್ಮಣರು ಎಲೆಯ ಮುಂದೆ ಕುಳಿತಿರುವಾಗ, ಕಾಲು ನಿಲ್ಲದ ಸ್ಥಿತಿಯಲ್ಲಿ ಒಳಕ್ಕೆ ಬಂದನು. ಅಂದಿನಿಂದ ಅವನ ಎಲೆಯನ್ನು ನಾನು ಹೊರಜಗುಲಿಯಲ್ಲಿ ಹಾಕಿಸಿದೆನು. ಶಾಸ್ತ್ರವು ನನ್ನ ಪಕ್ಷದಲ್ಲಿತ್ತು. ಊರೂ ನನ್ನ ಪಕ್ಷದಲ್ಲಿತ್ತು. ಆರು ವರ್ಷ ಅವನು ಅಲ್ಲಿ ಒಬ್ಬನೇ ಉಂಡನು. 2009ರ ಆಷಾಢದಲ್ಲಿ ಪಿತ್ತಕೋಶವು ಕೆಟ್ಟು ತೀರಿಕೊಂಡನು. ಹುಡುಗಿಗೆ ಆಗ ಆರು ವರ್ಷ. ಅವಳನ್ನು ಓದಿಸಿದೆನು, ಯಾವುದಕ್ಕೂ ಕೊರತೆ ಮಾಡಲಿಲ್ಲ. ಆದರೆ ಅವನ ಮಾತನ್ನು ಮಾತ್ರ ಮನೆಯಲ್ಲಿ ಯಾರೂ ಎತ್ತಕೂಡದೆಂಬುದು, ಹೇಳದೆಯೇ ಎಲ್ಲರೂ ತಿಳಿದ ನಿಯಮವಾಗಿತ್ತು. ವರ್ಷಕ್ಕೊಮ್ಮೆ ಮಹಾಲಯದಲ್ಲಿ ಗೋತ್ರನಾಮಗಳನ್ನು ಉಚ್ಚರಿಸಿ ಎಳ್ಳುನೀರು ಬಿಡುತ್ತಿದ್ದೆನು. ಅದು ಮಂತ್ರ, ಮಾತಲ್ಲ.

ನನಗೆ ಇಂಗ್ಲಿಷ್ ಬರುತ್ತದೆ. ಆದರೆ ಆ ಹೊತ್ತಿನಲ್ಲಿ ಬಂದುದು ಕನ್ನಡ. ಹುಡುಗಿಯು ಅದನ್ನು ಇಂಗ್ಲಿಷಿಗೆ ತಂದಳು. ಮನೆಯೊಡೆಯನ ಮಗಳು ಅಲ್ಲಿಂದ ಜಾರ್ಜಿಯನ್ ಭಾಷೆಗೆ ತಂದಳು. ಕೃಷ್ಣಸಂಧಾನದ ಪ್ರಸಂಗದಲ್ಲಿ ತಮ್ಮನು ವಿದುರನ ಅರ್ಥವನ್ನು ಹೇಳುತ್ತಿದ್ದುದನ್ನು ನಾನು ಹೇಳಿದೆನು. ಕೌರವನ ಅರಮನೆಯನ್ನು ಬಿಟ್ಟು ಕೃಷ್ಣನು ಬಡವನ ಮನೆಗೆ ಬರುತ್ತಾನೆ. ಕೊಡುವುದಕ್ಕೆ ಒಂದು ಕುಡಿತೆ ಹಾಲಲ್ಲದೆ ಬೇರೇನೂ ಇಲ್ಲ. ಆ ಹಾಲನ್ನು ಹಿಡಿದ ಕೈ ನಡುಗುವುದನ್ನು ತಮ್ಮನು ಬರಿಯ ದನಿಯಿಂದ ಕಾಣಿಸುತ್ತಿದ್ದನು. ಮದ್ದಲೆಯವನು ಬಾರಿಸುವುದನ್ನು ಮರೆತು ಕುಳಿತುದನ್ನು ನಾನೇ ಕಂಡಿದ್ದೇನೆ. "ಅತಿಥಿಯನ್ನು ಬರಮಾಡಿಕೊಳ್ಳುವುದು ಹೇಗೆಂದು ನಮ್ಮ ಸೀಮೆಗೆ ಕಲಿಸಿದವನು ಅವನು, ಅವನಿಗೆ ನಾನು ನನ್ನ ಮನೆಯ ಒಳಗೆ ಎಲೆ ಹಾಕಲಿಲ್ಲ" ಎಂದೆನು. ಇಲ್ಲಿ ಹುಡುಗಿಯ ಮಾತು ನಿಂತಿತು. ಒಂದು ಗಳಿಗೆ ತಡೆದು ಅವಳು ಆ ವಾಕ್ಯವನ್ನೂ ಪೂರ್ತಿಯಾಗಿ ಹೇಳಿದಳು, ಒಂದು ಶಬ್ದವನ್ನೂ ಬಿಡಲಿಲ್ಲ.

ರೊಟ್ಟಿಯ ಮೇಲೆ ಹನಿಗಳನ್ನು ಬಿಡುವಾಗ ನನ್ನ ಕೈ ತಾನಾಗಿ ತಿರುಗಿತು. ಬೆರಳತುದಿಗಳನ್ನು ಬಿಟ್ಟು, ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನಿಂದ, ಪಿತೃತೀರ್ಥದಿಂದ, ರಸವು ಇಳಿಯಿತು. ಯಾರೂ ಗಮನಿಸಲಿಲ್ಲ, ಹುಡುಗಿಯೊಬ್ಬಳು ಗಮನಿಸಿದಳು.

ಮೃತರ ಬಟ್ಟಲಿನ ಮೇಲೆ ಮಾತನ್ನು ನಿಲ್ಲಿಸಬಾರದು. ಕೂಡಲೇ ಮಕ್ಕಳಿಗಾಗಿ ಎತ್ತಬೇಕೆಂಬುದು ಅವರ ಕ್ರಮ. ಮೇಷ್ಟರು ಹುಡುಗಿಯನ್ನು ನೋಡಿ, "ಒಳ್ಳೆಯ ಮಾತುಗಾರನ ಮಗಳು" ಎಂದಷ್ಟೇ ಹೇಳಿದರು. ಬಳಿಕ ಹಾಡಿದರು. ಮೂರು ದನಿಗಳು ಬೇರೆ ಬೇರೆ ದಾರಿಯಲ್ಲಿ ಹೊರಟು ಒಂದೆಡೆ ಕೂಡುವ ಹಾಡು ಅವರದು. ಮ್ರವಲ್ಝಮಿಯೆರ್, ಅಂದರೆ ಬಹು ವರ್ಷಗಳು, ಎಂಬ ಒಂದೇ ಹಾರೈಕೆಯನ್ನು ಎಷ್ಟೋ ಹೊತ್ತು ಹಾಡಿದರು. ಶತಾಯುಷ್ಯವನ್ನು ಹಾರೈಸುವ ನಮ್ಮ ಆಶೀರ್ವಾದಮಂತ್ರವು ನೆನಪಿಗೆ ಬಂದಿತು.

ಎರಡೂವರೆ ಗಂಟೆಗೆ ಗೋಷ್ಠಿಯು ಮುಗಿಯಿತು. ಮರದ ಮೆಟ್ಟಿಲನ್ನು ಹತ್ತುವಾಗ ಹುಡುಗಿಯು ನನ್ನ ತೋಳನ್ನು ಹಿಡಿದುಕೊಂಡಿದ್ದಳು. ನಡುವೆ ನಿಂತು ಹೇಳಿದಳು: "ದೊಡ್ಡಪ್ಪ, ಜಗುಲಿಗೆ ಮಜ್ಜಿಗೆ ತೆಗೆದುಕೊಂಡು ಹೋಗುತ್ತಿದ್ದವಳು ನಾನು. ಅಪ್ಪ ಎಲೆಯ ಮುಂದೆ ಕುಳಿತು ಒಬ್ಬನೇ ಮಾತನಾಡುತ್ತಿದ್ದ. ಬಾ ಸ್ವಾಮಿ, ಕುಳಿತುಕೋ ಎನ್ನುತ್ತಿದ್ದ. ಅಪ್ಪನಿಗೆ ಹುಚ್ಚು ಎಂದುಕೊಂಡು ನನಗೆ ಹೆದರಿಕೆಯಾಗುತ್ತಿತ್ತು. ಅದು ಅರ್ಥವೆಂದು ನನಗೆ ಯಾರೂ ಹೇಳಲಿಲ್ಲ."

ನಾನು ಉತ್ತರ ಕೊಡಲಿಲ್ಲ. ಹದಿನೈದು ವರ್ಷ ಈ ಹುಡುಗಿಯು ಹುಚ್ಚನ ಮಗಳೆಂದು ತನ್ನನ್ನು ತಿಳಿದುಕೊಂಡು ಬೆಳೆದಿದ್ದಾಳೆ. ಹಾಗಲ್ಲವೆಂದು ಹೇಳಬಲ್ಲವನು ಒಂದೇ ಮಾಡಿನ ಕೆಳಗೆ ಶಬ್ದಾರ್ಥಗಳ ಪಾಠವನ್ನು ಹೇಳುತ್ತಿದ್ದನು.

ಇಲ್ಲಿ ನಾನು ಮದ್ಯದ ಸ್ತುತಿಯನ್ನು ಮಾಡುತ್ತಿಲ್ಲ. ಅದು ನನ್ನ ತಮ್ಮನನ್ನು ಕೊಂದಿತು. ಆ ದೇಶದಲ್ಲಿಯೂ ಅದರಿಂದ ಕೆಟ್ಟವರಿದ್ದಾರೆಂದು ಮೇಷ್ಟರೇ ಒಪ್ಪಿಕೊಂಡರು. ನಾನು ಅವನನ್ನು ಒಳಗೆ ಕೂರಿಸಿದ್ದರೆ ಅವನು ಉಳಿಯುತ್ತಿದ್ದನೆಂದೂ ಹೇಳಲಾರೆನು. ಕುಡಿತವನ್ನು ದೂರವಿಡುವುದು ನನ್ನ ಧರ್ಮವಾಗಿತ್ತು. ಆದರೆ ನಾನು ದೂರವಿಟ್ಟುದು ಮನುಷ್ಯನನ್ನು, ಸತ್ತ ಬಳಿಕ ಅವನ ಹೆಸರನ್ನು. ನಾಲ್ಕು ನೂರು ವರ್ಷದ ಹಿಂದಿನ ಒಂದು ಎಲುಬಿಗಾಗಿ ಸಮುದ್ರವನ್ನು ದಾಟಿ ಬಂದ ಜನರ ನಡುವೆ ಕುಳಿತಾಗ ನನಗೆ ಇದು ತಿಳಿಯಿತು.

ಮರುದಿನ ಬೆಳಗ್ಗೆ ತಲೆಯು ಸ್ವಲ್ಪ ಭಾರವಾಗಿತ್ತು. ರಸವು ನಾಲಗೆಗೆ ಚುರುಕ್ಕೆನ್ನುತ್ತಿದ್ದುದನ್ನು ಹುಡುಗಿಗೆ ಹೇಳಿದೆನು. ಅವಳು ವಿಚಾರಿಸಿಕೊಂಡು ಬಂದು ನಗುತ್ತ, "ಅದು ಮಚಾರಿ, ದೊಡ್ಡಪ್ಪ. ಹುಳಿಯೇರತೊಡಗಿದ ರಸ. ಅರ್ಧ ಮದ್ಯವೇ ಆಗಿತ್ತಂತೆ. ಅಜ್ಜಿಗೆ ಅದು ಕುಡಿತದ ಲೆಕ್ಕಕ್ಕೇ ಇಲ್ಲ" ಎಂದಳು. ಊರಿಗೆ ಬಂದ ಮೇಲೆ ಅಜ್ಞಾನಕೃತವಾದ ಆ ಪಾನಕ್ಕೆ ಹಿರಿಯರನ್ನು ಕೇಳಿ ಪ್ರಾಯಶ್ಚಿತ್ತವನ್ನು ಮಾಡಿಕೊಂಡೆನು, ಮಹಾಲಯವನ್ನೂ ಮಾಡಿದೆನು. ಜ್ಞಾನಕೃತವಾದ ಇನ್ನೊಂದಕ್ಕೆ ವಿಧಿಯೇನೆಂದು ಗ್ರಂಥಗಳಲ್ಲಿ ಹುಡುಕಿದೆನು. ನನ್ನ ಕಣ್ಣಿಗೆ ಬೀಳಲಿಲ್ಲ.

ಆದುದರಿಂದ ನನಗೆ ತೋಚಿದುದನ್ನು ಮಾಡುತ್ತಿದ್ದೇನೆ. ಆದಿತ್ಯವಾರ ರಾತ್ರಿ ಹುಡುಗಿಯು ದೂರವಾಣಿಯಲ್ಲಿ ಮಾತನಾಡುತ್ತಾಳೆ. ನಾನು ಹೊರಜಗುಲಿಯಲ್ಲಿ ಕುಳಿತು ಅವಳ ತಂದೆಯ ತಾಳಮದ್ದಲೆಗಳಲ್ಲಿ ಒಂದೊಂದು ರಾತ್ರಿಯನ್ನು, 'ಎಲ್ಲಿ, ಯಾವ ಪ್ರಸಂಗ, ಎದುರು ಅರ್ಥ ಯಾರದು, ಅವನು ಏನೆಂದನು' ಎಂಬುದನ್ನೆಲ್ಲ ನೆನಪಿದ್ದಷ್ಟು ಹೇಳುತ್ತೇನೆ. ಮರೆತುದನ್ನು ಊರಿನ ಹಿರಿಯ ಭಾಗವತರನ್ನು ಕೇಳಿ ತುಂಬಿಸಿಕೊಳ್ಳುತ್ತೇನೆ. ಇದುವರೆಗೆ ಹನ್ನೊಂದು ರಾತ್ರಿಗಳಾದುವು. ಇನ್ನೂ ಬಹಳ ಉಳಿದಿವೆ.